ಕೊರಿಯಾದ ಭಾವನನ್ನು ಕೊಂದವಳು

ಸುಭದ್ರಾಬಾಯಿ ಸತ್ತ ಮೇಲೆ ಅವಳನ್ನು ‘ಬಾಳ ಛಲೋ ಹೆಣ್ಮಗಳು’ ಅಂದವರಲ್ಲಿ ಮುಕ್ಕಾಲು ಮಂದಿ, ಅವಳು ಬದುಕಿದ್ದಾಗ ಅವಳ ನೆರಳು ಕಂಡರೆ ದಾರಿ ಬದಲಿಸುತ್ತಿದ್ದರು. ಅವಳೂ ಅಂಥವರನ್ನು ಕರೆದು ಕೂಡಿಸಿದವಳಲ್ಲ. ಸಿಟ್ಟು ಮಾಡಲು ಅವಳಿಗೆ ನೆಪ ಬೇಕಿರಲಿಲ್ಲ. ಅವಳ ಬಗ್ಗೆ ಬರೆಯುವಾಗ ಸಕ್ಕರೆ ಬೆರೆಸಿದರೆ ಅವಳಿಗೇ ಅವಮಾನ.

ಅವಳು ಹುಟ್ಟಿದ್ದು ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ. ಕೊಟ್ಟದ್ದು ಆಳಂದ ಕಡೆಯ ನರೋಣಾಕ್ಕೆ, ಅಮರನಾಥನಿಗೆ. ಗಂಡಹೆಂಡತಿ ಬಹಳ ವರ್ಷ ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿ ದುಡಿದರು. ಅವಳಿಗೆ ಹಿಂದಿ ಬಂದದ್ದು ಅಲ್ಲಿ. ಆಮೇಲೆ ನರೋಣಾದ ಕೂಡುಮನೆಗೆ ತಿರುಗಿ ಬಂದರು. ಅಲ್ಲಿ ಯಜಮಾನಿಕೆ ಅಮರನಾಥನ ಅಣ್ಣ ಧರ್ಮರಾಜನದು.

ಒಂದು ಮಧ್ಯಾಹ್ನ ಅಮರನಾಥನಿಗೆ ಎದೆ ಹಿಡಿಯಿತು. ಮನೆಯಲ್ಲಿ ಇದ್ದವರು ಮೂವರೇ. ಅಂಗಳದಲ್ಲಿ ಜೀಪು ನಿಂತಿತ್ತು. ಧರ್ಮರಾಜ ಇಸ್ತ್ರಿ ಅಂಗಿ ತೊಟ್ಟು ಗೊಬ್ಬೂರಿನ ಒಂದು ಮದುವೆ ನಿಶ್ಚಯಕ್ಕೆ ಹೊರಟಿದ್ದ. ಸುಭದ್ರಾಬಾಯಿ ಕಾಲು ಹಿಡಿದುಕೊಂಡಳು, ಕಲಬುರಗಿ ದವಾಖಾನೆಗೆ ಮುಟ್ಟಿಸಿರೆಂದಳು. ‘ಗ್ಯಾಸ್ ಆಗೇದ. ಸೋಡಾ ಕುಡಸು’ ಅಂದು ಅವನು ಜೀಪು ಹತ್ತಿ ಹೋದ. ಅವಳು ಗಂಡನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಹೊರಟಳು. ಅರ್ಧ ದಾರಿಯಲ್ಲಿ ಅಮರನಾಥ ಅವಳ ತೊಡೆಯ ಮೇಲೆಯೇ ಹೋದ.

ಇದನ್ನು ಅವಳು ಗಂಡನ ಮಣ್ಣಾದ ದಿನವೇ ಮಂದಿಯೆದುರು ಹೇಳಿದಳು. ‘ದುಃಖದಾಗ ತಲಿ ಕೆಟ್ಟದ’ ಅಂದರು ಮನೆಯವರು. ಊರೂ ಅದನ್ನೇ ಅಂದಿತು. ಹಾಗೆಂದ ಮನೆಯಲ್ಲಿ ಉಣ್ಣಲಾರೆನೆಂದು ಅವಳು ಅಫಜಲಪುರಕ್ಕೆ ಬಂದು ಜಯಮಾಲಾಳ ರೊಟ್ಟಿ ಕೇಂದ್ರ ಸೇರಿದಳು.

ಜಯಮಾಲಾ ಮಾತಿನಲ್ಲಿ ಖಡಕ್ ರೊಟ್ಟಿಗಿಂತ ಗಟ್ಟಿ. ಇಬ್ಬರಿಗೂ ಮೊದಲ ದಿನವೇ ಹೊಂದಲಿಲ್ಲ. ಆದರೆ ಸುಭದ್ರಾಬಾಯಿ ಬಡಿದ ರೊಟ್ಟಿ ಕಾಗದದಷ್ಟು ತೆಳ್ಳಗಿರುತ್ತಿತ್ತು, ಒಂದೂ ಹರಿಯುತ್ತಿರಲಿಲ್ಲ. ಹಾಗಾಗಿ ಅವಳು ಇವಳನ್ನು ಓಡಿಸಲಿಲ್ಲ, ಇವಳೂ ಬಿಟ್ಟು ಹೋಗಲಿಲ್ಲ. ಪಕ್ಕದ ಒಲೆಯ ಬೀಬಿಜಾನ ಒಬ್ಬಳೇ ಸೋಡಾದ ಮಾತನ್ನು ಪೂರ್ತಿ ಕೇಳಿ, ‘ಅಲ್ಲಾ ನೋಡ್ಯಾನ ಬಿಡು’ ಅಂದವಳು. ಅವಳ ನಂತರ ನಿಂಬೆವ್ವ ನಂಬಿದಳು, ಆಮೇಲೆ ಉಳಿದವರು. ಸುಭದ್ರಾಬಾಯಿಯ ಮಾತು ಖರೆ ಅಂತ ನಡೆಯುತ್ತಿದ್ದ ಜಾಗ ಭೂಮಿಯ ಮೇಲೆ ಆ ತಗಡಿನ ಶೆಡ್ಡು ಒಂದೇ.

ಒಂದು ವಿಚಿತ್ರವೆಂದರೆ, ಇಷ್ಟೆಲ್ಲ ಆದರೂ ಅವಳು ಧರ್ಮರಾಜನ ಹೆಸರು ಎತ್ತುತ್ತಿರಲಿಲ್ಲ. ಗಂಡನ ಹೆಸರು, ಗಂಡನ ಅಣ್ಣನ ಹೆಸರು ಹೆಂಗಸು ಬಾಯಲ್ಲಿ ತರಬಾರದು ಅಂತ ನೆಲೋಗಿಯಲ್ಲಿ ಅವ್ವ ಕಲಿಸಿದ್ದಳು. ಮಣ್ಣು ತೂರಿ ಶಾಪ ಹಾಕುವಾಗಲೂ ‘ನಮ್ಮ ಭಾವ’ ಎಂದೇ ಹಾಕುತ್ತಿದ್ದಳು.

ಆ ಕಾಲಕ್ಕೇ ಮೊಬೈಲಿನಲ್ಲಿ ಕೊರಿಯಾದ ಆ ಸೀರಿಯಲ್ ಬಂತು. ಹಿಂದಿ ಮಾತು ಕೂಡಿಸಿದ್ದು, ಕೊಲೆ, ಪೊಲೀಸು, ಸೇಡು. ದೇಶವೆಲ್ಲ ನೋಡಿತು; ಶೆಡ್ಡಿನಲ್ಲಿ ಅಂಥ ಮೊಬೈಲ್ ಆಗ ಇದ್ದದ್ದು ಸುಭದ್ರಾಬಾಯಿಯೊಬ್ಬಳ ಹತ್ತಿರ. ಹಂಚಿನ ಮುಂದೆ ಮೊಬೈಲ್ ಹಿಡಿದರೆ ರೊಟ್ಟಿ ಸೀಯುತ್ತದೆಂದು ಜಯಮಾಲಾ ಒಳಗೆ ಬಿಡುತ್ತಿರಲಿಲ್ಲ. ಸುಭದ್ರಾಬಾಯಿ ಮನೆಯಲ್ಲಿ ನೋಡಿಕೊಂಡು ಬಂದು ರೊಟ್ಟಿ ಬಡಿಯುತ್ತ ಕನ್ನಡದಲ್ಲಿ ಹೇಳುತ್ತಿದ್ದಳು. ಕೊರಿಯಾದ ಹೆಸರುಗಳು ಯಾರ ನಾಲಿಗೆಗೂ ಹೊರಳಲಿಲ್ಲ. ಅದಕ್ಕೆ ದೊಡ್ಡ ದವಾಖಾನೆಯ ಮಾಲೀಕ ‘ಭಾವ’ ಆದ. ಎದೆ ಹಿಡಿದ ತಮ್ಮನಿರುವ ಲಿಫ್ಟನ್ನು ನಡುವೆ ನಿಲ್ಲಿಸಿ, ಅವನು ಸಾಯುವ ತನಕ ಗುಂಡಿಯ ಮೇಲಿಂದ ಬೆರಳು ತೆಗೆಯದವನು. ತಮ್ಮನ ಹೆಂಡತಿ ಬರೀ ‘ಸೊಸಿ’.

ಕಥೆ ಬಿಗಿಯಾದಾಗ ಅವಳ ಕೈ ನಿಲ್ಲುತ್ತಿತ್ತು. ಜೊತೆಗೆ ಸಾಲಿನ ಕೈಗಳೆಲ್ಲ ನಿಲ್ಲುತ್ತಿದ್ದವು. ಬಾಗಿಲಿನಿಂದ ಜಯಮಾಲಾ ಚೀರುತ್ತಿದ್ದಳು: “ಕೊರಿಯಾಕ್ಕ ಆಮ್ಯಾಲ ಹೋಗ್ರೆವ್ವಾ, ಮದ್ಲ ಹಂಚಿನ್ಯಾಗಿಂದು ತಿರುವಿ ಹಾಕ್ರಿ!”

ಕಡೆಯ ಭಾಗ ನೋಡಿ ಬಂದ ದಿನ ಅವಳ ಮುಖ ಊದಿತ್ತು. ಕೊರಿಯಾದವರು ಭಾವನಿಗೆ ಏನೂ ಮಾಡಿರಲಿಲ್ಲ. ಅವನು ದೊಡ್ಡ ಕುರ್ಚಿಯಲ್ಲಿ ಕೂತು, ಹೂ ತೊಗೊಂಡು, ನೋಡುವವರ ಮುಖಕ್ಕೇ ನಕ್ಕಿದ್ದ. ಅಲ್ಲಿಗೆ ಮುಗಿದಿತ್ತು. ಅವಳು ಅದನ್ನೇ ಹೇಳಲು ಶುರು ಮಾಡಿದಳು.

“ಭಾವ ಕುರ್ಚಿ ಮ್ಯಾಲ ಕುಂತ. ಎಲ್ಲಾರೂ ಹೂ ಕೊಟ್ರು. ನಕ್ಕ...”

ಅಷ್ಟು ಹೇಳಿದ ಮೇಲೆ ಅವಳಿಗೆ ಮುಂದೆ ಹೋಗಲಾಗಲಿಲ್ಲ. ನಿಂಬೆವ್ವ ಹಿಟ್ಟಿನ ಕೈ ಎತ್ತಿ ಹಿಡಿದು ಕೂತಿದ್ದಳು.

“ನಕ್ಕು?”

“ನಕ್ಕು... ಮನಿಗಿ ಹೋಗಾಕ ಎದ್ದ. ಅದೇ ಲಿಫ್ಟ್ ಹತ್ತಿದ. ಮ್ಯಾಲಿನ ಹಗ್ಗ ಕಟ್ ಅಂತು.”

“ಸತ್ತನೇನ್ಬೇ?”

“ಎಲುಬು ಆರಿಸಾಕ ಮೊರ ತಂದ್ರು.”

ಶೆಡ್ಡಿನಲ್ಲಿ ಕೇಕೆ ಬಿತ್ತು. ನಿಂಬೆವ್ವ ಒಲೆಯ ಮುಂದೆಯೇ ನೆಟಿಗೆ ಮುರಿದಳು. ಜಯಮಾಲಾ ಕೂಡ ‘ಸತ್ತನಲ್ಲ ಹಲ್ಕಟ್’ ಅಂದು ಚಹಾ ತರಿಸಿದಳು. ಸುಭದ್ರಾಬಾಯಿ ಆ ದಿನ ನಕ್ಕಷ್ಟು ಗಂಡ ಸತ್ತ ಮೇಲೆ ನಕ್ಕಿರಲಿಲ್ಲ.

ಮೂರು ವರ್ಷದ ಮೇಲೆ ಸೀರಿಯಲ್ ತಿರುಗಿ ಬಂತು. ಎರಡನೆಯ ಕಂತೆಂದು ಎಲ್ಲರ ಮೊಬೈಲಿನಲ್ಲೂ ಜಾಹೀರಾತು. ಕರೀ ಕೋಟು ಹಾಕಿದ ಭಾವ ನಡುಮಧ್ಯೆ ನಿಂತಿದ್ದ, ಒಂದು ಎಲುಬೂ ಮುರಿಯದೆ. ಅದೇ ಸಾಲಿನಲ್ಲಿ ರೊಟ್ಟಿ ಬಡಿಯುವ ಸೀಮಾ ಹೊಸ ಮೊಬೈಲ್ ತೊಗೊಂಡಿದ್ದಳು. ಕೆಲಸ ಮುಗಿದು ಹೊರಗೆ ಕೈ ತೊಳೆಯುವಾಗ ಅದನ್ನು ಸುಭದ್ರಾಬಾಯಿಯ ಮೂಗಿಗೆ ಹಿಡಿದಳು.

“ಯಕ್ಕಾ, ಇಂವ ಯಾರು? ಮೊರದಾಗಿಂದ ಎದ್ದು ಬಂದನೇನು?”

ಸುಭದ್ರಾಬಾಯಿ ತಂಬಿಗೆಯ ನೀರನ್ನು ಕೈಗೆ ಸುರಿದುಕೊಂಡಳು.

“ಹಳೇದೂ ನೋಡೀನಿ ನಾ. ಲಿಫ್ಟೂ ಬಿದ್ದಿಲ್ಲ, ಹಗ್ಗಾನೂ ಹರದಿಲ್ಲ. ನಮ್ಮನ್ನ ಏನ್ ಕತ್ತೆ ಅಂತ ತಿಳದೀದಿ?”

ಹೆಂಗಸರು ಸುತ್ತುಗಟ್ಟಿದರು. ಒಬ್ಬಳು ಸುಳ್ಳಿ ಅಂದಳು. ಜಯಮಾಲಾ ಬಾಗಿಲಿಗೆ ಒರಗಿ, “ನಾ ಅವತ್ತೇ ಅಂದಿದ್ದೆ, ಈಕಿ ಬಾಯಿ ಬರೋಬ್ಬರಿ ಇಲ್ಲಂತ” ಅಂದಳು. ಅವಳು ಅಂಥದ್ದು ಯಾವತ್ತೂ ಅಂದಿರಲಿಲ್ಲ. ಇವೆಲ್ಲ ಸುಭದ್ರಾಬಾಯಿಯನ್ನು ಮುಟ್ಟಲಿಲ್ಲ. ಮುಟ್ಟಿದ್ದು ಬೀಬಿಜಾನಳ ಮಾತು. ಅವಳು ಮೆಲ್ಲಗೆ ಕೇಳಿದಳು:

“ಹಂಗಾದ್ರ ನಿನ್ನ ಗಂಡಂದು? ಆ ಸೋಡಾದ ಮಾತು? ಅದೂ ಹಿಂಗೇನಕ್ಕಾ?”

ಸುಭದ್ರಾಬಾಯಿ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಬೀಸಿ ಒಗೆದಳು. “ಹೌದು, ಅದೂ ಕೊರಿಯಾದ್ದೇ! ಹೋಗ್ರಿ!” ಅಂದು ಚಪ್ಪಲಿ ಮೆಟ್ಟದೆ ಹೊರಟುಹೋದಳು. ಸಿಟ್ಟಿನಲ್ಲಿ ತನ್ನ ಖರೆಯನ್ನು ತಾನೇ ಸುಳ್ಳು ಮಾಡಿ ಬಂದೆನೆಂದು ಅವಳಿಗೆ ಹೊಳೆದದ್ದು ಮನೆಯ ಬಾಗಿಲಲ್ಲಿ. ಮರುದಿನದಿಂದ ಅವಳ ಆಚೀಚೆಯ ಒಲೆಗಳು ತುಸು ದೂರ ಸರಿದಿದ್ದವು. ಯಾರೂ ಕಥೆ ಕೇಳಲಿಲ್ಲ.

ಊರಿಂದೂರಿಗೆ ಮಾತು ಬಸ್ಸಿಗಿಂತ ಮೊದಲು ಮುಟ್ಟುತ್ತದೆ. ರೊಟ್ಟಿ ಬಡಿಯುವ ಹೆಂಗಸರಲ್ಲಿ ತನ್ನ ಹೆಸರು ಕೆಟ್ಟಿದೆಯೆಂದು ಧರ್ಮರಾಜನಿಗೆ ಮೊದಲೇ ಗೊತ್ತಿತ್ತು. ಈಗ ಅವಳೇ ಸುಳ್ಳಿಯೆಂದು ಬಯಲಾದದ್ದೂ ಗೊತ್ತಾಯಿತು. ಒಂದು ವಾರದಲ್ಲಿ, ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ರೊಟ್ಟಿ ಹೇಳುವ ನೆಪದಲ್ಲಿ ಅವನು ಬಂದ. ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ಅಂದ:

“ಏನವ್ವಾ ಸುಭದ್ರಾ, ಕೊರಿಯಾದ ಭಾವ ಬದಕ್ಯಾನಂತಲ್ಲ? ಇನ್ನ ನರೋಣಾದ ಭಾವಗ ಯಾವಾಗ ಬಿಡುಗಡಿ?”

ಸುಭದ್ರಾಬಾಯಿ ರೂಢಿಯಂತೆ ಸೆರಗು ತಲೆಗೆಳೆದುಕೊಂಡು ಎದ್ದಳು. ಅವನು ಜಯಮಾಲಾಳ ಕಡೆ ತಿರುಗಿದ.

“ನೋಡ್ರಿ ತಂಗಿ, ಈಕಿ ಹೇಳೋದೆಲ್ಲ ಹಿಂಗೇ. ನಮ್ಮ ತಮ್ಮಗ ಎದಿ ಹಿಡದಾಗ ಜೀಪ್ ಗ್ಯಾರೇಜನ್ಯಾಗಿತ್ರಿ. ಜೀಪ್ ಇದ್ದಿದ್ರ ಹೆಗಲ ಮ್ಯಾಲ ಹೊತ್ತು ಅದರಾಗ ಹಾಕಿ ಒಯ್ತಿದ್ದೆ.”

ಸುಭದ್ರಾಬಾಯಿ ಒಂದು ಹೆಜ್ಜೆ ಮುಂದೆ ಬಂದಳು. ಸೆರಗು ತಲೆಯಿಂದ ಜಾರಿತು; ಅವಳು ಅದನ್ನು ಮೇಲೆತ್ತಲಿಲ್ಲ.

“ಧರ್ಮರಾಜ,” ಅಂದಳು.

ರೊಟ್ಟಿಯ ಸದ್ದು ನಿಂತಿತು. ನಿಂಬೆವ್ವ ‘ಶಿವಾ’ ಅಂದು ಬಾಯಿಗೆ ಕೈ ಇಟ್ಟುಕೊಂಡಳು.

“ಏ ಧರ್ಮರಾಜ, ಅಂಗಳದಾಗ ಜೀಪ್ ನಿಂತಿತ್ತು. ನಾ ನಿನ್ನ ಕಾಲ ಹಿಡದೆ. ನೀ ಸೋಡಾ ಕುಡಸು ಅಂದಿ, ಅದೇ ಜೀಪ್ ಹತ್ತಿ ಹೋದಿ. ಇಷ್ಟೇ. ಇದರಾಗ ಲಿಫ್ಟಿಲ್ಲ, ಹಗ್ಗಿಲ್ಲ.”

“ಭಾವನ ಹೆಸರ ಹಿಡದು ಕರೀತಿ? ನಾಚಿಗಿಲ್ಲೇನಲೇ ನಿನಗ? ನಾ ಮನ್ಯಾಗೇ ಇರಲಿಲ್ಲ ಅವತ್ತು! ಗೊಬ್ಬೂರಿಗಿ ಹೋಗಿದ್ದೆ, ನಿಶ್ಚಯಕ್ಕ!”

ಜಯಮಾಲಾಳಿಗೆ ಸುಭದ್ರಾಬಾಯಿಯ ಮೇಲೆ ಪ್ರೀತಿ ಇರಲಿಲ್ಲ. ಆದರೆ ಗಿರಾಕಿ ಮಾತು ಬದಲಿಸಿದರೆ ಹಿಡಿಯುವ ಕಿವಿ ಇತ್ತು.

“ಎದಿ ಹಿಡದಾಗ ಹೆಗಲ ಮ್ಯಾಲ ಒಯ್ತಿದ್ದೆ ಅಂದ್ರಿ. ಈಗ ಮನ್ಯಾಗೇ ಇರಲಿಲ್ಲ ಅಂತೀರಿ. ಇರ್ಲಿ. ಗೊಬ್ಬೂರಿಗಿ ಹ್ಯಾಂಗ ಹೋದ್ರಿ?”

“ಜೀಪಿನ್ಯಾಗ...” ಅಂದವನು ಅಲ್ಲೇ ನಿಂತ.

“ಹೆಂಗಸರ ಜೋಡಿ ಎಂಥಾ ಮಾತು” ಅಂದು ಅವನು ಚಪ್ಪಲಿ ಹುಡುಕಿ ಹೋದ. ರೊಟ್ಟಿ ಹೇಳಲೇ ಇಲ್ಲ.

ಯಾರೂ ಸುಭದ್ರಾಬಾಯಿಯ ಕ್ಷಮೆ ಕೇಳಲಿಲ್ಲ. ಅವಳೂ ಯಾರದೂ ಕೇಳಲಿಲ್ಲ. ಸೀಮಾ ಮಾತ್ರ ಪಟ್ಟು ಬಿಡದೆ, “ಆದ್ರ ಕೊರಿಯಾದಾಂವ ಸತ್ತಿಲ್ಲ” ಅಂದಳು.

“ಇಲ್ಲ. ಅಂವನ್ನ ನಾನೇ ಕೊಂದೀನಿ. ತಿರುಗಿ ಬಂದ್ರ ತಿರುಗಿ ಕೊಲ್ತೇನಿ. ಅಲ್ಲೀದೇ ಬೇಕಾದ್ರ ನಿನ್ನ ಮೊಬೈಲ್ ನೋಡ್ಕೋ.”

“ನಮಗ ನೀ ಹೇಳು,” ಅಂದಳು ಬೀಬಿಜಾನ, ಒಲೆಯಿಂದ ಮುಖ ಎತ್ತದೆ.

ಎರಡನೆಯ ಕಂತನ್ನು ಅವಳು ಅರ್ಧದಷ್ಟು ಹೇಳಿದಳು. ಭಾವ ಜೈಲಿಗೆ ಹೋಗುವುದೋ ಬಿಡುವುದೋ ಅನ್ನುವಲ್ಲಿಗೆ ಕಾಮಣಿ ರೋಗ ಹಿಡಿದು ಮಲಗಿದಳು. ಏಳಲಿಲ್ಲ. ಮಣ್ಣಿಗೆ ಧರ್ಮರಾಜ ಬಂದಿದ್ದ. ಎಲ್ಲರಿಗಿಂತ ಮುಂದೆ ನಿಂತು ‘ಮಗಳಿದ್ದಂಗಿದ್ದಳು’ ಅಂದ. ಆ ಮುಖವನ್ನು ಮರೆಯಲು ಇದನ್ನು ಬರೆಯುವ ನನಗೆ ಇನ್ನೂ ಆಗಿಲ್ಲ, ಮರೆಯುವ ಇಚ್ಛೆಯೂ ಇಲ್ಲ.

ಕಡೆಯ ಭಾಗವನ್ನು ಸೀಮಾ ನೋಡಿದ್ದಾಳೆ. ಒಂದು ದಿನ ಹಿಟ್ಟು ನಾದುತ್ತ, “ಭಾವಂದು ಏನಾಯ್ತು, ಹೇಳ್ಲೇನ್ರೆಕ್ಕಾ?” ಅಂದಳು.

“ಬ್ಯಾಡ,” ಅಂದಳು ಬೀಬಿಜಾನ. ಜಯಮಾಲಾ ಬಾಗಿಲಲ್ಲೇ ಇದ್ದಳು. ಅವಳೂ ಹೇಳು ಅನ್ನಲಿಲ್ಲ.