ಹಾಲಿನ ಬಸ್ಸಿನಿಂದ ಏಳೂವರೆ ರೈಲಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಆ ಕೋಪದಿಂದ ಒಂದು ಒಳ್ಳೆಯ ಕೆಲಸವೂ ಆಗಿದೆ. ಅದನ್ನು ನಾನೇ ಬರೆದಿಡದಿದ್ದರೆ ನಮ್ಮ ಯಜಮಾನರು ತಾವೇ ಮಾಡಿದ್ದೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಈಗಾಗಲೇ ಶುರುಮಾಡಿದ್ದಾರೆ.

ಹೊನ್ನವಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ನಮ್ಮ ಅಂಗಡಿ. ಬಾಳೆಹಣ್ಣು, ಬಿಸ್ಕತ್ತು, ಎಲೆ ಅಡಿಕೆ, ಸೋಪಿನ ಪುಡಿ ಮಾರುತ್ತೇವೆ. ಯಜಮಾನರೂ ಮಗನೂ ತೆಂಗಿನ ತೋಟ ನೋಡಿಕೊಳ್ಳುತ್ತಾರೆ, ಅಂಗಡಿ ನನ್ನದು. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತಿದ್ದೇನೆ, ಯಾವ ಬಸ್ಸು ಬಂತೆಂದು ಹಾರನ್ನಿನಲ್ಲೇ ಗುರುತು ಹಿಡಿಯುತ್ತೇನೆ. ಆ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತದೆ, ಅಲ್ಲಿಂದ ಮುಂದಕ್ಕೆ ಜನ ಹೇಗೆ ಹೋಗುತ್ತಾರೆ ಅನ್ನುವುದನ್ನು ಮಾತ್ರ ಒಂದು ದಿನವೂ ಯೋಚಿಸಿದವಳಲ್ಲ. ಯೋಚಿಸುವ ಹಾಗೆ ಮಾಡಿದ್ದು ನನ್ನ ಸೊಸೆ.

ಅವಳು ಲ್ಯಾಬ್ ಕೋರ್ಸ್ ಓದಿದವಳು. ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ತುಮಕೂರಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಒಂಬತ್ತಕ್ಕೆ ಸರಿಯಾಗಿ ಅಲ್ಲಿರಬೇಕು, ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಬಂದವರು ಕಾದಿರುತ್ತಾರೆ. ಇಲ್ಲಿಂದ ಬಸ್ಸಿನಲ್ಲಿ ತಿಪಟೂರು, ತಿಪಟೂರಿನಿಂದ ಏಳೂವರೆ ರೈಲಿನಲ್ಲಿ ತುಮಕೂರು, ಅಲ್ಲಿಂದ ಆಟೊ. ಕೇಳಲು ಸಲೀಸು. ಆದರೆ ವಾರದಲ್ಲಿ ಎರಡು ಮೂರು ದಿನ ಅವಳ ಕಣ್ಣೆದುರೇ ರೈಲು ಹೊರಟುಹೋಗುತ್ತಿತ್ತು. ಆಮೇಲೆ ಬಸ್ಸು ಹಿಡಿದು ಹೋದರೆ ಒಂಬತ್ತೂವರೆ, ಒಂಬತ್ತೂ ಮುಕ್ಕಾಲು. ಒಂದು ಸಂಜೆ ಬಂದವಳು ಹೆಗಲಿನ ಚೀಲವನ್ನೂ ಇಳಿಸದೆ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಳು.

“ಈ ತಿಂಗ್ಳು ಪೂರ್ತಿ ನೋಡ್ತಾರಂತೆ ಅತ್ತೆ. ಇನ್ನೊಂದೇ ಒಂದು ದಿನ ಲೇಟಾದ್ರೂ ಬರೋದೇ ಬೇಡ ಅಂದ್ರು ಮೇಡಂ.”

ಆಗಿನ್ನೂ ತಿಂಗಳ ಮೊದಲ ವಾರ.

ಊಟಕ್ಕೆ ಕೂತಾಗ ಮನೆಯಲ್ಲಿ ಪಂಚಾಯ್ತಿ ಸೇರಿತು. ಮಗ, “ತುಮಕೂರಲ್ಲೇ ಪಿ.ಜಿ. ಮಾಡ್ಕೊಂಡಿರ್ಲಿ, ಭಾನ್ವಾರ ಭಾನ್ವಾರ ಬರ್ಲಿ” ಅಂದ. ಯಜಮಾನರು ಮುದ್ದೆ ಮುರಿಯುತ್ತಾ, “ಯಾಕ್ ಬೇಕು ಈ ತಾಪತ್ರಯ? ಬುಡು ಅತ್ಲಾಗೆ. ಮನೇಲಿ ಕೆಲ್ಸ ಇಲ್ವಾ?” ಅಂದರು. ಮಗು ಸೊಸೆಯ ತೊಡೆಯ ಮೇಲೆ ಕೂತು ಅವಳ ತಟ್ಟೆಯಿಂದಲೇ ತಿನ್ನುತ್ತಿತ್ತು. ನನಗೆ ಎಲ್ಲಿತ್ತೋ ಕೋಪ.

“ಬುಡು ಅನ್ನೋಕೆ ನೀವ್ಯಾರ್ರೀ? ಓದ್ಸಿದ್ದು ಅವ್ರಪ್ಪ, ಓದಿದ್ದು ಅವ್ಳು. ಕೆಲ್ಸಾನೂ ಬುಡಲ್ಲ, ಮಗೂನೂ ಬುಡಲ್ಲ. ರೈಲು ಯಾಕ್ ತಪ್ತದೆ ಅಂತ ನಾನ್ ನೋಡ್ತೀನಿ. ನಾಳೆಯಿಂದ ಅಂಗ್ಡೀಲಿ ನೀವ್ ಕೂತ್ಕಳಿ.”

ಅಷ್ಟು ಕೋಪಕ್ಕೆ ಕಾರಣವಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅಂಚೆ ಕಚೇರಿಯಲ್ಲಿ ಒಂದು ಕೆಲಸ ಸಿಗುವಂತಿತ್ತು. ಹೋಗಿಬರಲು ಬಸ್ಸು ಸರಿಯಿಲ್ಲ ಎಂದು ಅಪ್ಪ ಬೇಡ ಅಂದುಬಿಟ್ಟರು. ಬಸ್ಸು ಸರಿಯಿತ್ತೋ ಇಲ್ಲವೋ, ಯಾರೂ ಹೋಗಿ ನೋಡಲಿಲ್ಲ. ಆ ಸಂಕಟ ನನ್ನಲ್ಲಿ ಇನ್ನೂ ಆರಿರಲಿಲ್ಲ.

ಮಾರನೆಯ ಬೆಳಿಗ್ಗೆ ಸೊಸೆಯ ಪಕ್ಕದಲ್ಲಿ ನಾನೂ ಹಾಲಿನ ಬಸ್ಸಿನಲ್ಲಿ ಕೂತೆ. ನಮ್ಮ ಕಡೆ ಬಸ್ಸಿಗೆ ಗಂಟೆಯಿಲ್ಲ, ಹೆಸರಿದೆ. ಮೊದಲು ಬರುವುದು ಹೂವಿನ ಬಸ್ಸು, ಆಮೇಲೆ ಹಾಲಿನ ಬಸ್ಸು, ಆಮೇಲೆ ಮೇಷ್ಟ್ರ ಬಸ್ಸು. ಹಾಲಿನ ಕ್ಯಾನುಗಳು ಬಸ್ಸಿನಲ್ಲಿ ಹೋಗುವುದು ನಿಂತು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ನಿಂತಿಲ್ಲ. ಎಷ್ಟು ಗಂಟೆಗೆ ಬರುತ್ತದೆ ಅಂತ ಯಾರಾದರೂ ಕೇಳಿದರೆ ‘ಹೂವಿನ ಬಸ್ಸು ಹೋದ್ಮೇಲೆ’ ಅನ್ನುತ್ತೇವೆ. ಸೊಸೆಗೂ ನಾನು ಹಾಗೆಯೇ ಹೇಳಿದ್ದೆ: ಹಾಲಿನ ಬಸ್ಸಿಗೆ ಹೋಗು, ರೈಲು ಸಿಗ್ತದೆ. ಯಾವ ಧೈರ್ಯದ ಮೇಲೆ ಹೇಳಿದ್ದೆನೋ ದೇವರಿಗೇ ಗೊತ್ತು.

ಆ ವಾರವೆಲ್ಲ ಅಲೆದೆ. ಓಡಿ ಓಡಿ ಹೇಗೋ ಅವಳನ್ನು ರೈಲು ಹತ್ತಿಸುವುದು, ಅಂಗಡಿಯ ಹಳೇ ನೋಟ್‌ಬುಕ್ಕಿನಲ್ಲಿ ಗಂಟೆ ಬರೆದುಕೊಳ್ಳುವುದು, ಇನ್ನೊಂದು ಬಸ್ಸಿನಲ್ಲಿ ವಾಪಸು. ಹೆಂಗಸರಿಗೆ ಟಿಕೆಟ್ ಫ್ರೀ, ಆಧಾರ್ ಕಾರ್ಡು ತೋರಿಸಿದರಾಯಿತು. ಮೂರನೆಯ ದಿನಕ್ಕೆ ಕಂಡಕ್ಟರು, “ಏನಮ್ಮಾ, ದಿನಾ ಬತ್ತೀಯ, ಇಳೀತೀಯ, ತಿರುಗ ಹತ್ತೀಯ, ಮನೇಲಿ ಯಾರೂ ಇಲ್ವಾ?” ಅಂದ. ಮನೆಯಲ್ಲಿರುವವರಿಂದಲೇ ಈ ಫಜೀತಿ ಕಣಪ್ಪ ಅಂದೆ. ಏಳೂವರೆ ರೈಲು ಸಿಗಬೇಕಾದರೆ ಯಾವ ಬಸ್ಸು ಹಿಡಿಯಬೇಕು ಎಂದು ಅವನನ್ನು ಕೇಳಿದರೆ, “ಬಸ್ಸಿಂದು ಕೇಳಿ, ಹೇಳ್ತೀನಿ. ರೈಲಿಂದು ನಂಗೇನ್ ಗೊತ್ತು?” ಅಂದ. ಸ್ಟೇಷನ್ನಿನ ಕಿಟಕಿಯಲ್ಲಿ ಕೇಳಿದರೆ, “ರೈಲಿನದು ಹೇಳ್ತೀವಿ, ಬಸ್ಸಿನದು ಇಲ್ಲಿ ಕೇಳಿದ್ರೆ ಹೆಂಗಮ್ಮ?” ಅಂದರು. ಇಬ್ಬರದೂ ತಪ್ಪಲ್ಲ. ಬಸ್ಸು ಬಲ್ಲವನಿಗೆ ರೈಲು ಗೊತ್ತಿಲ್ಲ, ರೈಲು ಬಲ್ಲವನಿಗೆ ಬಸ್ಸು ಗೊತ್ತಿಲ್ಲ, ಎರಡರ ನಡುವೆ ಓಡಿ ಸಾಯುವವಳು ನನ್ನ ಸೊಸೆ.

ಕೊನೆಗೆ ದಾರಿ ತೋರಿಸಿದವನು ಒಬ್ಬ ಆಟೊದವನು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಾವಿಬ್ಬರೂ ಏದುಸಿರು ಬಿಡುತ್ತಾ ಓಡುವುದನ್ನು ನಾಲ್ಕು ದಿನ ನೋಡಿದ್ದನಂತೆ.

“ನೀವು ಬಸ್ ಸ್ಟ್ಯಾಂಡ್‌ಗಂಟ ಬಂದು ಇಳಿಯೋದೇ ತಪ್ಪು ಕಣಮ್ಮ. ಹಿಂದ್ಲ ಸರ್ಕಲ್ಲಲ್ಲೇ ಇಳ್ಕಂಡ್ರೆ ಸ್ಟೇಷನ್‌ಗೆ ನಡೆದ್ರೆ ಆರು ನಿಮಿಷ. ಈ ಬಸ್ಸು ಅಲ್ಲಿಂದ ಇಲ್ಲಿಗೆ ತೆವಳೋಕೇ ಎಂಟು ನಿಮಿಷ ತಗಂತದೆ, ಆಮೇಲೆ ನೀವು ವಾಪಸ್ ಓಡ್ತೀರ.”

ನಗು ಬಂತು, ಅಳುವೂ ಬಂತು. ನಮ್ಮ ಜನಕ್ಕೆ ಬಸ್ಸು ಹತ್ತಿದ ಮೇಲೆ ಕೊನೆಯವರೆಗೂ ಕೂತರೇ ಸಮಾಧಾನ. ನಡುವೆ ಇಳಿದರೆ ಏನೋ ಕಳೆದುಕೊಂಡ ಹಾಗೆ. ರೈಲು ಹಿಡಿಯುವವಳೂ ಮೊದಲು ಬಸ್ ಸ್ಟ್ಯಾಂಡ್ ಮುಟ್ಟಲೇಬೇಕು ಅಂದುಕೊಂಡೇ ಅಷ್ಟು ಸಲ ರೈಲನ್ನು ಬಿಟ್ಟುಕೊಟ್ಟಿದ್ದೆವು. ಆ ಆಟೊದವನ ನಂಬರು ಬರೆದುಕೊಂಡೆ. ಶನಿವಾರ ತುಮಕೂರಿಗೂ ಹೋದೆ. ಅಲ್ಲಿ ಸ್ಟೇಷನ್ನಿನ ಬಾಗಿಲಲ್ಲೇ ನಿಲ್ಲುವ ಶೇರ್ ಆಟೊ ಜನ ತುಂಬುವವರೆಗೂ ಹೊರಡುವುದಿಲ್ಲ. ಎರಡು ನಿಮಿಷ ನಡೆದು ದೊಡ್ಡ ರಸ್ತೆಗೆ ಹೋದರೆ ಸಿಟಿ ಬಸ್ಸು ಸಿಗುತ್ತದೆ. ಅದರಲ್ಲಿ ಹೋದೆವು. ಲ್ಯಾಬಿನ ಬಾಗಿಲಿಗೆ ಬಂದಾಗ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮೇಡಂ ಆಗಷ್ಟೇ ಬೀಗ ತೆಗೆಸುತ್ತಿದ್ದರು.

ಭಾನುವಾರ ಹಳೇ ಕ್ಯಾಲೆಂಡರಿನ ಬೆನ್ನಿಗೆ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದೆ. ಯಾವ ಬಸ್ಸು, ನಮ್ಮೂರಿಗೆ ಎಷ್ಟು ಗಂಟೆಗೆ, ಎಲ್ಲಿ ಇಳಿಯಬೇಕು, ಎಷ್ಟು ನಿಮಿಷ ನಡಿಗೆ, ಯಾವ ರೈಲು. ಅಂಗಡಿಯ ಬಾಗಿಲಿಗೆ ಅಂಟಿಸಿದೆ. ಎಲೆ ಅಡಿಕೆಗೆ ಬಂದವರು, “ಏನಕ್ಕಾ, ಸ್ಟೇಷನ್ ಮಾಸ್ಟ್ರಾಗ್ಬುಟ್ಟಾ?” ಅಂದರು. ಆದೆ ಕಣ್ರಪ್ಪ, ಈಗೇನು ಅಂದೆ. ಸೋಮವಾರ ರೈಲು ಸಿಕ್ಕಿತು, ಮಂಗಳವಾರವೂ ಸಿಕ್ಕಿತು. ಊರ ತುಂಬಾ ಬೀಗಿಕೊಂಡು ತಿರುಗಿದೆ.

ಮರುದಿನ ಕೊಬ್ಬರಿ ಹರಾಜು.

ಅಟ್ಟದ ಮೇಲೆ ವರ್ಷವಿಡೀ ಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ಮನೆಯವಳು ನಾನು. ಹರಾಜಿನ ದಿನ ಯಾವುದು ಅಂತ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ಆ ದಿನ ಸುತ್ತಲ ಊರಿನ ಕೊಬ್ಬರಿಯೆಲ್ಲ ತಿಪಟೂರಿನ ಮಾರುಕಟ್ಟೆ ರಸ್ತೆಯಲ್ಲಿ ಸಾಲು ನಿಲ್ಲುತ್ತದೆ ಎಂಬುದೂ ಗೊತ್ತು. ಆದರೆ ನಾನು ಅಲೆದ ವಾರ ಹಬ್ಬದ ರಜೆ, ಹರಾಜಿರಲಿಲ್ಲ. ನನ್ನ ಪಟ್ಟಿಯಲ್ಲಿ ಬಸ್ಸಿತ್ತು, ರೈಲಿತ್ತು, ಕೊಬ್ಬರಿ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಏಳೂ ಇಪ್ಪತ್ತಕ್ಕೆ ಫೋನು ಬಂತು. ಸೊಸೆ ಅಳುತ್ತಿದ್ದಳು.

“ಅತ್ತೆ, ಗೊಬ್ಬರದ ಅಂಗ್ಡಿ ಹತ್ರ ಬಸ್ಸು ನಿಂತ್ಬಿಟ್ಟಿದೆ. ಸರ್ಕಲ್ ಇನ್ನೂ ದೂರ ಇದೆ. ಮುಂದೆಲ್ಲಾ ಬರೀ ಕೊಬ್ಬರಿ ಟೆಂಪೋಗಳು. ಅದ್ರಲ್ಲಿ ಒಂದು ನಮ್ದೇ.”

ನಮ್ಮದೇ! ಬೆಳಿಗ್ಗೆ ಯಜಮಾನರು ಬೇಗ ಬೇಗ ಅಂತ ಎಲ್ಲರನ್ನೂ ಎಬ್ಬಿಸಿ, ಮಗನ ಕೈಲಿ ಮೂಟೆ ಹೇರಿಸಿ ಕಳಿಸಿದ್ದ ಟೆಂಪೋ. ಸಿಟ್ಟು ನೆತ್ತಿಗೇರಿತು. ಬೈಯುವುದಕ್ಕೆ ಪುರುಸೊತ್ತಿರಲಿಲ್ಲ. ರೈಲು ಎಲ್ಲಿದೆ ಅಂತ ತೋರಿಸುವುದನ್ನು ಮಗ ನನ್ನ ಫೋನಿಗೆ ಹಾಕಿಕೊಟ್ಟಿದ್ದ. ಯಜಮಾನರ ಫೋನಿನಲ್ಲಿ ಸೊಸೆಯನ್ನು ಹಿಡಿದುಕೊಂಡೇ ನನ್ನದರಲ್ಲಿ ನೋಡಿದೆ. ರೈಲು ಆರು ನಿಮಿಷ ತಡವಾಗಿ ಬರುತ್ತಿತ್ತು. ಬಸ್ಸು ಎಲ್ಲಿದೆ ಅಂತ ತೋರಿಸುವುದು ಯಾವ ಫೋನಿನಲ್ಲೂ ಇರಲಿಲ್ಲ. ಅದಕ್ಕೆ ನಾನಿದ್ದೆ.

“ಅಳ್ಬೇಡ ಕಣೇ, ಅಲ್ಲೇ ಇಳಿ. ಎಡಗಡೆ ಗೊಬ್ಬರದಂಗ್ಡಿ ಪಕ್ಕ ಓಣಿ ಐತಲ್ಲ, ಅದ್ರಲ್ಲಿ ನುಗ್ಗು. ಆ ತುದೀಲಿ ಆಟೊ ನಿಲ್ಲಿಸ್ತೀನಿ.”

ಆಟೊದವನಿಗೆ ಫೋನು ಮಾಡಿದೆ. ಗೊಬ್ಬರದಂಗಡಿ ಓಣಿಯ ತುದಿಗೆ ಬಾ ಅಂದೆ. ಹೆಸರು ಹೇಳುವ ಮೊದಲೇ, “ಗೊತ್ತಾಯ್ತು ಬುಡಮ್ಮ, ಹೊಂಟೆ” ಅಂದ. ಆಮೇಲಿನ ಹನ್ನೆರಡು ನಿಮಿಷ ನಾನು ಅಂಗಡಿಯಲ್ಲಿ ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ಒಬ್ಬ ಬೀಡಿಗೆ ಬೆಂಕಿಪೊಟ್ಟಣ ಕೇಳಿದ, ಸೋಪು ಕೊಟ್ಟೆ. ಯಜಮಾನರು ಅಂಗಡಿಯ ಕಂಬಕ್ಕೆ ಒರಗಿ, ತಪ್ಪು ಮಾಡಿದ ಹುಡುಗನ ಹಾಗೆ ನೆಲ ನೋಡುತ್ತಾ ನಿಂತಿದ್ದರು. ಕೆಲಸ ಬೇಡ ಅಂದಿದ್ದವರ ಬಾಯಲ್ಲಿ, “ಸಿಕ್ತದೆ ಕಣೇ, ಸಿಕ್ತದೆ” ಎಂಬ ಮಾತು ಕೇಳಿದೆ. ಕಡೆಗೆ ಫೋನಿನೊಳಗಿಂದ ರೈಲಿನ ಕೂಗು ಕೇಳಿಸಿತು, ಅದರ ಹಿಂದೆಯೇ ಅವಳ ಕೂಗು.

“ಹತ್ತಿದೆ ಅತ್ತೆ! ಹತ್ತಿದೆ!”

ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಎದುರು ಮನೆಯವರು ಏನಾಯಿತೋ ಅಂತ ಓಡಿಬಂದರು. ಬಂದವರಿಗೆಲ್ಲ ಬಾಳೆಹಣ್ಣು ಕೊಟ್ಟೆ.

ಅವತ್ತೇ ಪಟ್ಟಿಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದೆ: ಹರಾಜಿನ ದಿನ ಹಾಲಿನ ಬಸ್ಸು ನಂಬಬೇಡಿ, ಹೂವಿನ ಬಸ್ಸಿಗೇ ಹೋಗಿ. ಆ ಕೆಂಪು ಸಾಲಿನಿಂದಲೇ ಪಟ್ಟಿಗೆ ಬೆಲೆ ಬಂತು ಅನ್ನಬೇಕು. ಹರಾಜಿನ ದಿನ ಪರೀಕ್ಷೆಗೆ ಹೋಗುವ ಕಾಲೇಜು ಹುಡುಗಿಯರು, ಕಣ್ಣು ತೋರಿಸಲು ಬೆಂಗಳೂರಿಗೆ ಹೋಗುವ ಮುದುಕರು, ಎಲ್ಲರೂ ಬಂದು ಓದಿ ಫೋಟೊ ಹೊಡೆದುಕೊಂಡರು. ಫೋಟೊ ಹೇಗೋ ಶೆಟ್ಟಿಕೆರೆಗೆ ಹೋಯಿತು. ಅಲ್ಲಿರುವ ನನ್ನ ತಂಗಿ ಫೋನು ಮಾಡಿ, “ಅಕ್ಕಾ, ನಮ್ಮೂರಿಗೆ ನಾನೇ ಬರೀತೀನಿ, ಹೆಂಗೆ ಅಂತ ಹೇಳು” ಅಂದಳು. ಬಸ್ಸಿನಲ್ಲಿ ಹೋಗಿ ನೋಡದೆ ಒಂದಕ್ಷರವೂ ಬರೆಯಬೇಡ ಅಂದೆ. ಸೊಸೆಯ ತವರಾದ ತುರುವೇಕೆರೆ ಕಡೆಯವರು ಬಾಣಸಂದ್ರದಲ್ಲಿ ರೈಲು ಹತ್ತುತ್ತಾರೆ. ಅವರಿಗೆ ಅವಳೇ ಕೂತು ಒಂದು ಪಟ್ಟಿ ಮಾಡಿಕೊಟ್ಟಳು.

ನನಗೆ ಎಲ್ಲಕ್ಕಿಂತ ಹಿಗ್ಗಾದದ್ದು ಬೇರೆಯೇ ಒಂದು ದಿನ. ಏನೋ ಕೆಲಸಕ್ಕೆ ತಿಪಟೂರಿಗೆ ಹೋಗುತ್ತಿದ್ದೆ. ಸರ್ಕಲ್ ಬರುತ್ತಿದ್ದಂತೆಯೇ ಅದೇ ಕಂಡಕ್ಟರು ಸೀಟಿ ಊದಿ, “ರೈಲಿನವ್ರು ಇಲ್ಲೇ ಇಳ್ಕಳಿ! ರೈಲಿನವ್ರು!” ಎಂದು ಕೂಗಿದ. ಏಳೆಂಟು ಜನ ಎದ್ದು ದಡದಡ ಇಳಿದರು. ಅವರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಸೀಟಿನಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ತಿಂಗಳ ಕೊನೆಯ ದಿನ ಬಂತು. ಸಂಜೆಯ ಬಸ್ಸು ಬರುವ ಹೊತ್ತಿಗೆ ನಾನು, ಯಜಮಾನರು, ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡ ಮಗ, ಮೂವರೂ ಅಂಗಡಿಯ ಮುಂದೆ ನಿಂತಿದ್ದೆವು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಆ ತಿಂಗಳು ಆಮೇಲೆ ಅವಳಿಗೆ ಒಂದು ದಿನವೂ ತಡವಾಗಿರಲಿಲ್ಲ. ಬಸ್ಸಿನಿಂದ ಇಳಿದವಳು ಮಗುವಿನ ಕೆನ್ನೆ ಮುಟ್ಟಿ, ಚೀಲದಿಂದ ಒಂದು ಕಾಗದ ತೆಗೆದಳು. ಅದನ್ನು ಗಂಡನಿಗೂ ಕೊಡಲಿಲ್ಲ, ಮಾವನಿಗೂ ಕೊಡಲಿಲ್ಲ.

“ನೀವೇ ಓದಿ ಅತ್ತೆ” ಎಂದು ನನ್ನ ಕೈಗೆ ಕೊಟ್ಟಳು.

ಇಂಗ್ಲಿಷಿನಲ್ಲಿತ್ತು. ಅಕ್ಷರ ಕೂಡಿಸಿಕೊಂಡು ಓದಿದೆ. ಮುಂದಿನ ತಿಂಗಳಿನಿಂದ ಕೆಲಸ ಕಾಯಂ ಎಂದಿತ್ತು. ಬಸ್ಸು ಇನ್ನೂ ಹೊರಟಿರಲಿಲ್ಲ. ಕಿಟಕಿಯಲ್ಲಿ ಕೂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವರಿಗೂ ಕೇಳಲಿ ಅಂತ ಇನ್ನೊಂದು ಸಲ ಕನ್ನಡದಲ್ಲಿ, ಗಟ್ಟಿಯಾಗಿ ಓದಿದೆ.