ಮೂರು ಮನೆ ಆಚೆಯ ಫುಕುವೋಕಾ

ಕಸುಮಿಗೆ ಇಲ್ಲ ಎನ್ನಲು ಬರುವುದಿಲ್ಲ. ಅದು ಹುಟ್ಟುಗುಣವೋ, ನಮ್ಮ ಓಣಿಗೆ ಸೊಸೆಯಾಗಿ ಬಂದ ಮೇಲೆ ಅಂಟಿಕೊಂಡ ರೋಗವೋ, ನನಗೆ ಗೊತ್ತಿಲ್ಲ. ನಮ್ಮದು ಕಡಲ ಬದಿಯ ಸಣ್ಣ ಊರು. ಈ ಓಣಿಯಲ್ಲಿ ಮಂಡಿನೋವಿಲ್ಲದವರ ಮನೆ ಅಂತ ಇರುವುದು ಅವಳದೊಂದೇ. ಹಾಗಾಗಿ ಕಸದ ಚೀಲ ತಿರುವಿನವರೆಗೆ ಹೋಗಬೇಕೆಂದರೆ ಕಸುಮಿ, ಆಸ್ಪತ್ರೆಯ ಕಾಗದ ಓದಬೇಕೆಂದರೆ ಕಸುಮಿ, ಫೋನಿನಲ್ಲಿ ಅಕ್ಷರ ದೊಡ್ಡದಾಗಬೇಕೆಂದರೆ ಕಸುಮಿ. ಅವಳ ಪಕ್ಕದ ಮನೆಯ ಗೆಂಜೊ ಇದ್ದಾನಲ್ಲ, ದೋಣಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದ ಮುದುಕ, ಅವನಂತೂ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಸುವುದಕ್ಕೂ ಅವಳನ್ನೇ ಕೂಗುತ್ತಾನೆ. ನಾನು ಹಾಗಲ್ಲ. ನಾನು ಶಿಜುಯೆ, ಮೂಲೆಯಲ್ಲಿ ಸೋಯಾ ಹಾಲು ಒಡೆಸಿ ತೋಫು ಮಾಡಿ ಮಾರುವ ಅಂಗಡಿಯವಳು. ಬೇಕಾದಾಗ ಮಾತ್ರ ಹೋಗುತ್ತೇನೆ. ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಅಷ್ಟೆ.

ಅವಳಿಗೂ ಮನೆಯಿದೆ, ಮಕ್ಕಳಿವೆ ಎಂಬುದು ನಮಗ್ಯಾರಿಗೂ ನೆನಪೇ ಇರಲಿಲ್ಲ. ಮಗಳು ಕೊಹಾರುಗೆ ನಾಲ್ಕು ವರ್ಷ, ಬಾಯಿ ನಲವತ್ತರದು. ಮಗ ರಿಕು ಈಗಷ್ಟೇ ಓಡಲು ಕಲಿತಿದ್ದಾನೆ, ನಿಲ್ಲಲು ಕಲಿತಿಲ್ಲ. ಗಂಡ ತೊಮೊಯಾ ಬಸ್ ಡ್ರೈವರು, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಒಂದು ಬೆಳಗ್ಗೆ ಕಸುಮಿ ರಿಕುವನ್ನು ಬೆನ್ನಿಗೆ ಕಟ್ಟಿಕೊಂಡು ತೋಫುಗೆ ಬಂದಳು. ನಾನು ತುಂಡು ಹಾಕಿ ತಿರುಗಿ ನೋಡುತ್ತೇನೆ, ಕಂಬಕ್ಕೆ ಒರಗಿ ನಿಂತಲ್ಲೇ ನಿದ್ದೆ ಹೋಗಿದ್ದಾಳೆ! "ಏಯ್ ಕಸುಮಿ!" ಎಂದೆ. ಕಣ್ಣು ಬಿಡುವ ಮೊದಲೇ "ಇಗೋ ಬಂದೆ, ಏನು ಎತ್ತಿಡ್ಬೇಕು?" ಎಂದಳು.

ಮದುವೆಯಾದ ಮೇಲೆ ಮೊದಲ ಸಲ ತೊಮೊಯಾಗೆ ಮೂರು ದಿನ ಒಟ್ಟಿಗೆ ರಜೆ ಸಿಕ್ಕಿತು. ರೈಲಿನಲ್ಲಿ ಫುಕುವೋಕಾ ಪೇಟೆಗೆ ಹೋಗುವುದು ಎಂದು ತೀರ್ಮಾನವಾಯಿತು.

"ಆರಾಮಾಗಿ ಹೋಗಿ ಬರೋದು, ಅಜ್ಜಿ," ಎಂದಳು ಕಸುಮಿ. "ದಿನಕ್ಕೆ ಒಂದೇ ಕೆಲಸ. ಒಂದಿನ ಕೆರೇಲಿ ಹಂಸದ ದೋಣಿ. ಒಂದಿನ ನೂಡಲ್ಸು. ಇನ್ನೊಂದಿನ ಹೋಟೆಲ್ ಹಾಸಿಗೆ ಮೇಲೆ ಮಕ್ಕಳು ಕುಣೀಲಿ, ನಾನು ಮಲಗ್ತೀನಿ. ಇವರು ಅಲ್ಲಿ ಬಸ್ ಹತ್ತಲ್ಲ ಅಂದಿದ್ದಾರೆ, ಮುಂದೆ ಕೂತಿರೋ ಡ್ರೈವರನ್ನ ನೋಡಿದ್ರೆ ಕಾಲು ಬ್ರೇಕ್ ಹುಡುಕುತ್ತಂತೆ. ನಡ್ಕೊಂಡೇ ಓಡಾಡೋದು."

ಓಣಿಗೆ ಸುದ್ದಿ ಹೋಗಿದ್ದೇ ತಡ, ಆರಾಮದ ಕತೆ ಮುಗಿಯಿತು. "ಹೇಗೂ ಹೋಗ್ತಾ ಇದ್ದೀಯಲ್ಲ" ಎಂದು ಒಬ್ಬೊಬ್ಬರೇ ಶುರುಮಾಡಿದರು. ಹೇಗೂ ಹೋಗ್ತಾ ಇದ್ದೀಯಲ್ಲ, ಅಲ್ಲಿ ನನ್ನ ತಂಗಿಗೆ ಈ ಒಣಮೀನು ಕೊಟ್ಟು ಬಾ. ಹೇಗೂ ಹೋಗ್ತಾ ಇದ್ದೀಯಲ್ಲ, ಮಂಡಿಪಟ್ಟಿ ತಾ. ಗೆಂಜೊ ಯಾವುದೋ ಎಂಜಿನ್ನಿನ ತಿರುಪು ಹೇಳಿದ, ಅವನ ಹತ್ತಿರ ಈಗ ಎಂಜಿನ್ನೇ ಇಲ್ಲ! ಕಸುಮಿ ಎಲ್ಲದಕ್ಕೂ ಹೂಂ ಎಂದಳು. ಇದರ ಮೇಲೆ ಪೇಟೆ ತಿಂಡಿ ಬೇರೆ. ಪೇಟೆಗೆ ಹೋದವರು ಮನೆಗೊಂದು ಡಬ್ಬಿ ತಿಂಡಿ ತಂದು ಹಂಚದೆ ಓಣಿಯೊಳಗೆ ಕಾಲಿಡುವುದುಂಟೇ? ಇಬ್ಬರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ರೈಲು ನಿಲ್ದಾಣದಲ್ಲಿ ಡಬ್ಬಿಗಳಿಗೆ ಸಾಲು ನಿಲ್ಲುವುದನ್ನು ನೆನೆದೇ ಅವಳಿಗೆ ಅರ್ಧ ಜೀವ ಹೋಗಿತ್ತು. ಆಮೇಲೆ ಒಂದು ಉಪಾಯ ಹುಡುಕಿದಳು. ಫುಕುವೋಕಾದ ತಿಂಡಿಯನ್ನು ಅಂಚೆಯಲ್ಲಿ ಮೊದಲೇ ತರಿಸಿಬಿಟ್ಟಳು.

"ತರೋದನ್ನ ಮೊದ್ಲೇ ತಂದಿಟ್ಬಿಟ್ರೆ ಹೋಗೋದು ಹಗುರ ಅಲ್ವಾ ಅಜ್ಜಿ?"

"ತಲೆ ಇದೆ ಕಣೇ ನಿಂಗೆ," ಎಂದೆ. ಪಾರ್ಸೆಲ್ಲಿಗೆ ಸಹಿ ಹಾಕಿ ಇಸಿದುಕೊಂಡವಳೂ ನಾನೇ.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಕಸುಮಿ ಬಟ್ಟೆ ತುಂಬುವುದರಲ್ಲಿ ಮುಳುಗಿದ್ದಾಗ, ಕೊಹಾರು ಅಷ್ಟೂ ಡಬ್ಬಿಗಳನ್ನು ತಮ್ಮನ ತಳ್ಳುಗಾಡಿಗೆ ಹೇರಿಕೊಂಡು ಓಣಿಯಲ್ಲಿ ಹೊರಟಳು. ನನ್ನ ಅಂಗಡಿಗೆ ಬಂದು ಎರಡೂ ಕೈಯಲ್ಲಿ ಒಂದು ಡಬ್ಬಿ ಚಾಚಿ, ಸೊಂಟ ಬಗ್ಗಿಸಿ, ಥೇಟ್ ತಾಯಿಯ ದನಿಯಲ್ಲಿ "ನಾವು ಫುಕುವೋಕಾಗೆ ಹೋಗಿದ್ವಿ. ಅಷ್ಟೇನು ಚೆನ್ನಾಗಿರೋ ಪದಾರ್ಥ ಅಲ್ಲ, ದಯವಿಟ್ಟು ತಗೊಳ್ಳಿ" ಎಂದಳು.

"ಯಾವಾಗ ಹೋಗಿದ್ರೇ?"

"ನಾಳೆ," ಎಂದಳು.

ಮಗು ಬಗ್ಗಿ ಕೊಡುವಾಗ ಬೇಡ ಎನ್ನುವುದು ಹೇಗೆ? ಇಸಿದುಕೊಂಡೆ. ಕಸುಮಿಗೆ ಗೊತ್ತಾಗಿ ಓಡಿ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಗೆಂಜೊ ಆಗಲೇ ಡಬ್ಬಿ ಒಡೆದು, ಬಿಳಿ ಅವರೆಯ ಹೂರಣ ಮೀಸೆಗೆ ಮೆತ್ತಿಕೊಂಡು ಕೂತಿದ್ದ. "ತಪ್ಪಾಯ್ತು ತಾತ, ತಪ್ಪಾಯ್ತು" ಎಂದು ಅವಳು ಬಗ್ಗಿದಳು.

"ಈಗ ಏನ್ಮಾಡೋಕಾಗುತ್ತೆ," ಎಂದ ಅವನು ಬೆರಳು ನೆಕ್ಕುತ್ತ. "ತಿಂದಾಯ್ತು. ಇನ್ನು ನೀನು ಹೋಗ್ಲೇಬೇಕು ಕಣಮ್ಮ."

ಮಾರನೇ ಬೆಳಗ್ಗೆ ಅವರ ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಹೊರಟರು, ಪಾಪ, ಸುಖವಾಗಿ ಹೋಗಿ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಗೆಂಜೊ ಅಂಗಡಿಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿದ. ಓಣಿಯ ನಾಲ್ಕಾರು ಜನ ತೋಫುಗೆ ನಿಂತಿದ್ದರು, ಅವರೂ ಬಾಗಿದರು.

"ಹೋಗಿಲ್ಲ. ಒಳಗೇ ಇದ್ದಾರೆ. ಕೊಹಾರುಗೆ ಮಂಗನಬಾವು. ಕೆನ್ನೆ ಎರಡೂ ಊದಿದೆಯಂತೆ."

"ನಿಂಗೆ ಹೇಗೆ ಗೊತ್ತು? ಗೋಡೆಗೆ ಕಿವಿ ಇಟ್ಟಿದ್ದೆಯಾ?"

"ನಾನ್ಯಾಕೆ ಇಡ್ಲಿ? ಆ ಗೋಡೇನೇ ನನ್ನ ಕಿವೀಗೆ ಬರುತ್ತೆ. ರಾತ್ರಿ ತೋರಿಸಿದಾಗ ಡಾಕ್ಟರು ಗಾಬರಿ ಏನಿಲ್ಲ, ಮೆತ್ತಗಿರೋದು ತಿನ್ನಿಸಿ, ಹೊರಗೆ ಬಿಡ್ಬೇಡಿ ಅಂದ್ರಂತೆ. ಮಗು ಹಾಡು ಹೇಳ್ತಾ ಇದೆ. ಅಳ್ತಾ ಇರೋದು ಕಸುಮಿ." ಅವನು ದನಿ ತಗ್ಗಿಸಿದ. "ಗಂಡನ ಹತ್ರ ಹೇಳ್ತಾ ಇದ್ಲು, ಗೊತ್ತಾದ್ರೆ ಮನೆಗೊಬ್ಬರು ಹಣ್ಣು ಹಿಡ್ಕೊಂಡು ಮಗೂನ ನೋಡೋಕೆ ಬರ್ತಾರೆ, ಬಂದವರಿಗೆಲ್ಲ ಟೀ ಕಾಸ್ಬೇಕು, ವಾಸಿಯಾದ ಮೇಲೆ ಅಷ್ಟೂ ಮನೆಗೆ ಸೋಪೋ ಟವೆಲ್ಲೋ ವಾಪಸ್ ಹಂಚ್ಬೇಕು. ತಿಂಡಿ ಬೇರೆ ತಿಂದ್ಕೊಂಡು ಕೂತಿದ್ದಾರೆ. ನನ್ನ ಕೈಲಾಗಲ್ಲ ರೀ, ನಾವು ಹೋಗಿದ್ದೀವಿ ಅಂತಾನೇ ಇರ್ಲಿ, ಬಾಗಿಲು ಹಾಕಿ, ಅಂತ."

ಅಲ್ಲಿ ನಿಂತಿದ್ದವರಲ್ಲಿ ಒಬ್ಬಳು ಆಗಲೇ ಹಣ್ಣಿನ ಅಂಗಡಿಯ ಕಡೆ ನೋಡುತ್ತ ಪರ್ಸು ತಡಕುತ್ತಿದ್ದಳು. ನಾನು ಸೌಟು ಎತ್ತಿದೆ.

"ಕೇಳಿಸ್ಕೊಳ್ಳಿ ಎಲ್ರೂ. ಕಸುಮಿ ಫುಕುವೋಕಾದಲ್ಲಿದ್ದಾಳೆ. ತಿಂಡಿ ತಿಂದಿದ್ದೀರಿ ತಾನೆ? ಅಂದ್ಮೇಲೆ ಅವಳು ಹೋಗಿದ್ದಾಳೆ. ಆ ಬಾಗಿಲ ಹತ್ರ ಯಾರಾದ್ರೂ ಕೂಗಿದ್ರೆ ಈ ಜನ್ಮದಲ್ಲಿ ಅವರಿಗೆ ನನ್ನ ಅಂಗಡಿ ತೋಫು ಇಲ್ಲ."

ಸ್ವಲ್ಪ ಹೊತ್ತಿಗೆ ಒಬ್ಬ ಗಿರಾಕಿ ಬಂದ. ಮಾಸ್ಕು, ಕಣ್ಣಿನವರೆಗೆ ಇಳಿಸಿದ ಟೋಪಿ, ಎತ್ತಿದ ಕಾಲರು. ಎಲ್ಲ ಸರಿ, ಆದರೆ ಕೈಯಲ್ಲಿ ಬಸ್ ಡ್ರೈವರರ ಬಿಳೀ ಗ್ಲೌಸು! ಅಭ್ಯಾಸಬಲ, ಮನೆ ಬಿಡುವಾಗ ಕೈ ತಾನೇ ತೊಟ್ಟುಕೊಂಡಿರಬೇಕು.

"ಒಂದು ಮೆತ್ತನೆ ತೋಫು," ಎಂದ, ದನಿ ದಪ್ಪ ಮಾಡಿಕೊಂಡು.

"ಊರಿಗೆ ಹೊಸಬರಾ?"

"ಹೂಂ... ಹೀಗೇ ಹಾದು ಹೋಗ್ತಾ ಇದ್ದೆ."

"ಯಾವ ಕಡೆಯಿಂದ ಬಂದ್ರಿ?"

ಅವನು ಒದ್ದಾಡಿದ. "ಫುಕುವೋಕಾದಿಂದ," ಎಂದುಬಿಟ್ಟ. ದಿನವೂ ಒಂದೇ ದಾರಿಯಲ್ಲಿ ಬಸ್ಸು ಓಡಿಸುವವನಿಗೆ ಬೇರೆ ಊರಿನ ಹೆಸರು ಎಲ್ಲಿಂದ ಹೊಳೆಯಬೇಕು?

"ಅಯ್ಯೋ, ನಮ್ಮ ಓಣಿಯವರೂ ಅಲ್ಲೇ ಇದ್ದಾರೆ! ಸಿಕ್ಕಿದ್ರೆ ಕೊಡಿ," ಎಂದು ಮೂರು ತೋಫು ಕಟ್ಟಿದೆ. "ಒಣಮೀನು, ತಿರುಪು, ಮಂಡಿಪಟ್ಟಿ ಏನೂ ಬೇಡ್ವಂತೆ, ಬರೀ ಮಲಗ್ಬೇಕಂತೆ ಅಂತ ಹೇಳಿ."

ಟೋಪಿಯ ಕೆಳಗೆ ಅವನ ಕಿವಿ ಕೆಂಪಗಾಯಿತು. ಸೊಂಟ ಬಗ್ಗಿಸಿ ವಂದಿಸಿ, ಗೋಡೆಗೆ ಅಂಟಿಕೊಂಡು ಓಡಿದ.

ಆಮೇಲೆ ಶುರುವಾಯಿತು ನೋಡಿ ನಮ್ಮ ಪಾಡು. ಗೆಂಜೊ ಮುಚ್ಚಳ ತೆಗೆಯಲಾಗದೆ ಬರೀ ಅನ್ನ ತಿಂದ. ಕಸದ ಚೀಲಗಳನ್ನು ಮೂರು ಜನ ಮುದುಕಿಯರು ಹೆಣ ಹೊತ್ತಂತೆ ಹೊತ್ತುಕೊಂಡು ಹೋದರು. ಇನ್ನೊಬ್ಬರಿಗೆ ಫೋನಿನ ಅಕ್ಷರ ಸಣ್ಣಗಾಗಿ, ಯಾರದೋ ಫೋನು ಬಂದರೆ ಯಾರೆಂದು ತಿಳಿಯದೆ ಎಲ್ಲರಿಗೂ "ಚೆನ್ನಾಗಿದ್ದೀರಾ?" ಎನ್ನುತ್ತಿದ್ದರು. ಆದರೂ ಆ ಬಾಗಿಲಿಗೆ ಒಬ್ಬರೂ ಹೋಗಲಿಲ್ಲ. ಒಳಗಿನ ಸುದ್ದಿ ಮಾತ್ರ ಗೆಂಜೊನ ಗೋಡೆಯ ಮೂಲಕ ಬರುತ್ತಿತ್ತು.

"ಇವತ್ತು ಹಂಸದ ದೋಣಿ. ಸ್ನಾನದ ತೊಟ್ಟೀಲಿ. ಅಪ್ಪಾನೇ ಹಂಸ."

"ಕಸುಮಿ?"

"ಅವಳ ಮಾತೇ ಇಲ್ಲ."

"ಅಳ್ತಾ ಇದ್ದಾಳಾ?"

"ಗೊರಕೆ," ಎಂದ ಗೆಂಜೊ ಬಹಳ ಗಂಭೀರವಾಗಿ. "ನಿನ್ನೆ ಮಧ್ಯಾಹ್ನ ಹಿಡಿದದ್ದು ಇನ್ನೂ ನಿಂತಿಲ್ಲ. ಜೀವಮಾನವೆಲ್ಲ ಎಂಜಿನ್ ಕೇಳಿದ್ದೀನಿ ಶಿಜುಯೆ. ಇದು ಒಳ್ಳೇ ಎಂಜಿನ್ನು. ಆಯಿಲ್ಲೇ ಕಾಣದೆ ಓಡಿತ್ತು, ಅಷ್ಟೆ."

ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಮುದುಕನಿಗೆ ಬಿಟ್ಟಿಯಾಗಿ ಒಂದು ಕರಿದ ತೋಫು ಕೊಟ್ಟೆ.

ಎರಡನೇ ದಿನ ಸಂಜೆ ನನ್ನ ಅಂಗಡಿಯ ಬಲ್ಬು ಹೋಯಿತು. ಎಂದಿನಂತೆ ಕಾಲು ಕಸುಮಿಯ ಮನೆಯ ಕಡೆ ಹೊರಟಿತು, ನಾನೇ ಎಳೆದು ನಿಲ್ಲಿಸಿದೆ. ಅವಳು ಊರಲ್ಲಿಲ್ಲ. ಸ್ಟೂಲು ಎಳೆದು, ಹೊಸ ಬಲ್ಬು ಬಾಯಲ್ಲಿ ಕಚ್ಚಿಕೊಂಡು ಹತ್ತಿದೆ. ಏರಿದ್ದು ನೆನಪಿದೆ. ಆಮೇಲೆ ತಟ್ಟೆ, ಸೌಟು, ಪಾತ್ರೆ, ನಾನು, ಎಲ್ಲ ಒಟ್ಟಿಗೆ ನೆಲಕ್ಕೆ ಬಂದೆವು. ಸದ್ದು ಕಡಲಿನವರೆಗೆ ಹೋಗಿರಬೇಕು.

ಓಣಿಯವರೆಲ್ಲ ಬಾಗಿಲು ಸರಿಸಿ ಹೊರಬಂದರು. ಆದರೆ ಎಲ್ಲರಿಗಿಂತ ಮೊದಲು, ಬರಿಗಾಲಲ್ಲಿ, ರಾತ್ರಿ ಉಡುಪಿನಲ್ಲಿ, ಕೂದಲು ಕೆದರಿಕೊಂಡು ಓಡಿ ಬಂದವಳು ಕಸುಮಿ.

"ಅಜ್ಜೀ! ನಿಮಗೇನು ಬುದ್ಧಿ ಇದೆಯಾ ಇಲ್ವಾ? ಈ ವಯಸ್ಸಲ್ಲಿ ಯಾರು ಸ್ಟೂಲು ಹತ್ತೋಕೆ ಹೇಳಿದ್ದು? ಕೈ ನೋವಾ? ಸೊಂಟ? ನನ್ನ ಕೂಗೋಕೆ ಏನಾಗಿತ್ತು ನಿಮಗೆ ಧಾಡಿ?"

ಜನ್ಮದಲ್ಲಿ ಮೊದಲ ಸಲ ಅವಳಿಂದ ಬೈಸಿಕೊಂಡೆ. ಹಿತವಾಗಿತ್ತು. "ನೀನು ಫುಕುವೋಕಾದಲ್ಲಿದ್ದೆಯಲ್ಲೇ," ಎಂದೆ.

"ಮೂರು ಮನೆ ಆಚೆಗೇ ಇದ್ನಲ್ಲ ಅಜ್ಜಿ!"

ಹೇಳಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಬಾಯಿ ಮುಚ್ಚಿಕೊಂಡಳು. ಓಣಿಯೆಲ್ಲ ಸುತ್ತ ನಿಂತಿತ್ತು. ಅವಳ ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಹಾಗೇ ಇತ್ತು, ಕಣ್ಣಿನ ಸುತ್ತಲಿನ ಕಪ್ಪು ಅರ್ಧ ಕರಗಿತ್ತು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ನಮಗೆಲ್ಲ ಗೊತ್ತಿತ್ತೆಂದು ಆಗ ಅವಳಿಗೆ ತಿಳಿಯಿತು. ಕ್ಷಮೆ ಕೇಳಲು ಸೊಂಟ ಬಗ್ಗತೊಡಗಿತು. ಅದು ಬಗ್ಗಿತೋ, ಎರಡು ದಿನದ ನಿದ್ದೆ ನೀರಲ್ಲಿ ಹೋಮ! ಏನಾದರೂ ಮಾಡಬೇಕಿತ್ತು.

ಮೊದಲು ಗೆಂಜೊ ಕೆಮ್ಮಿದ. "ಅಲ್ಲಿ ಹವಾ ಹೇಗಿದೆ ಕಸುಮಿ?"

"ಎಲ್ಲಿ, ತಾತ?"

"ಫುಕುವೋಕಾದಲ್ಲಿ."

ಅವಳು ಅವನನ್ನೇ ನೋಡಿದಳು. "ಚೆನ್ನಾಗಿದೆ," ಎಂದಳು. "ತುಂಬಾ... ತುಂಬಾ ಸದ್ದಿಲ್ಲದ ಊರು, ತಾತ." ಅಷ್ಟು ಹೇಳಿ ಗಳಗಳ ಅತ್ತುಬಿಟ್ಟಳು. ನಮಗೂ ಕಣ್ಣು ತುಂಬಿತು, ನಾಚಿಕೆಯೂ ಆಯಿತು. ಅಳುತ್ತಲೇ ಅವಳ ಕೈ ಬಿದ್ದಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ, ಬಲ್ಬಿಗಾಗಿ ನೆಲ ತಡಕತೊಡಗಿತು.

"ಮುಟ್ಬೇಡ!" ಎಂದು ಓಣಿಗೆ ಓಣಿಯೇ ಕೂಗಿತು.

ನಾನು ನೆಲದಲ್ಲಿ ಕೂತೇ ಹೇಳಿದೆ: "ನೋಡಿದ್ದಾಯ್ತಲ್ಲ, ನಾನು ಸತ್ತಿಲ್ಲ. ನಿನ್ನ ರಜೆ ನಾಳೆವರೆಗೂ ಇದೆ. ನಡಿ ವಾಪಸ್ಸು."

ಕಸುಮಿ ತೋಳಿನಿಂದ ಮೂಗು ಒರೆಸಿಕೊಂಡಳು. ಓಣಿಯ ಮುದುಕ ಮುದುಕಿಯರೆಲ್ಲ ಎರಡು ಬದಿಗೆ ಸರಿದು ನಿಂತು, ರೈಲು ಹತ್ತಿಸಲು ಬಂದವರಂತೆ ಕೈ ಬೀಸುತ್ತ "ಹೋಗಿ ಬಾ, ಹೋಗಿ ಬಾ" ಎಂದರು.

"ಹೋಗಿ ಬರ್ತೀನಿ," ಎಂದು ಅವಳು ಮೂರು ಮನೆ ದಾಟಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.