ಬಂಗುಡೆ ಸಾರಿನ ಕಹಿ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ದೈವ ಕನಸಿನಲ್ಲಿ ಬಂತು, ಸತ್ತವರು ಕರೆದರು ಎಂದು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದೆ. ಹಾಗಾಗಿ ಇದನ್ನು ಬರೆಯುವುದಕ್ಕೆ ನನಗೇ ಸಂಕೋಚ. ನೀವು ನಕ್ಕರೂ ಬೇಜಾರಿಲ್ಲ.

ತಮ್ಮನ ಲಿವರ್ ಪೂರ್ತಿ ಕೆಟ್ಟಿತ್ತು. ನನ್ನದರಲ್ಲಿ ಒಂದು ಪಾಲು ಕೊಯ್ದು ಅವನಿಗೆ ಜೋಡಿಸಿದರು. ನಾನು ಬೇಗ ಚೇತರಿಸಿಕೊಂಡು ಊರಿಗೆ, ತ್ರಾಸಿಯ ಮನೆಗೆ ಬಂದೆ. ಅವನು ದೂರದ ಆ ಆಸ್ಪತ್ರೆಯಲ್ಲೇ ಉಳಿದ. ಒಂದು ಮಧ್ಯಾಹ್ನ ಅಮ್ಮ ಬಂಗುಡೆ ಸಾರು ಬಡಿಸಿದಳು. ಮೊದಲ ತುತ್ತಿಗೇ ಬಾಯೆಲ್ಲ ಕಹಿ. ನಮ್ಮದು ಮೀನು ಮಾರಿ ಬದುಕಿದ ಮನೆ. ಮೀನು ಕೊಯ್ಯುವಾಗ ಅದರ ಪಿತ್ತದ ಚೀಲ ಒಡೆದರೆ ಸಾರು ಎಷ್ಟು ಕಹಿಯಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪಿತ್ತ ಒಡೆಸಿದ್ದೀಯ ಎಂದು ಅಮ್ಮನ ಮೇಲೆ ರೇಗಿದೆ.

"ನಾನೂ ತಿಂದೆ ಅಲ್ದಾ? ಎಂತ ಕಹಿಯೂ ಇಲ್ಲೆ," ಎಂದಳು ಅಮ್ಮ.

ಸಂಜೆಯ ಚಹಾವೂ ಕಹಿ, ನೀರೂ ಕಹಿ. ನನ್ನೊಳಗೇ ಏನೋ ಆಯಿತೆಂದು ಹೆದರಿ ಡಾಕ್ಟರಿಗೆ ತೋರಿಸಿದರೆ, ಎಲ್ಲ ಸರಿಯಿದೆ ಎಂದರು. ಅಷ್ಟರಲ್ಲಿ ತಮ್ಮನಿಗೆ ಜ್ವರ ಬಂತು. ಸ್ಕ್ಯಾನ್ ಮಾಡಿದರೆ, ಲಿವರ್ ಜೋಡಿಸಿದ ಕಡೆ ಪಿತ್ತರಸ ಸೋರಿ ಹೊಟ್ಟೆಯೊಳಗೆ ನಿಂತಿತ್ತು. ಅವನೇ ಫೋನ್ ಮಾಡಿದ.

"ಅಕ್ಕ, ನೀ ಕೊಟ್ಟದ್ದ್ ಸೋರ್ತಾ ಇತ್ತಂಬ್ರ್."

ಮತ್ತೆ ಹೊಟ್ಟೆ ಕೊಯ್ದರೆ ಅವನು ತಡೆಯಲಾರ ಎಂದರು ಡಾಕ್ಟರು. ಪಕ್ಕೆಯಿಂದ ಸಣ್ಣ ನಳಿಗೆ ತೂರಿಸಿ, ನಿಂತದ್ದನ್ನು ಚೀಲಕ್ಕೆ ಇಳಿಸಿದರು. ಆಮೇಲೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಸೋರಿಕೆ ನಿಲ್ಲಲು ಪಿತ್ತನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುವುದೆಂದಾಯಿತು. ಅದೂ ಆಗದಿದ್ದರೆ ತಮ್ಮ ಉಳಿಯುವುದು ಕಷ್ಟ. ನಾನು ಕೇಳಿಸಿಕೊಂಡೆ, ಅಷ್ಟೆ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ನಾಲಿಗೆಗೆ ಮಾತ್ರ ಆ ಕಹಿ ಗೊತ್ತಾಗುತ್ತಿತ್ತು.

ಸ್ಟೆಂಟ್ ಇಡುವ ದಿನ ಗಂಜಿ ಉಣ್ಣುತ್ತ ಕೂತಿದ್ದೆ. ನಡುವೆಯೇ ಕಹಿ ಹೋಯಿತು. ಗಂಜಿ ಗಂಜಿಯಂತೆ, ಉಪ್ಪಿನಕಾಯಿ ಉಪ್ಪಿನಕಾಯಿಯಂತೆ ರುಚಿಸಿತು. ಕೈ ತೊಳೆಯುವ ಮೊದಲೇ ತಮ್ಮನ ಹೆಂಡತಿಯ ಫೋನ್. ಸ್ಟೆಂಟ್ ಸರಿಯಾಗಿ ಕೂತಿತಂತೆ, ಅವನನ್ನು ಈಗಷ್ಟೇ ಹೊರಗೆ ತಂದರಂತೆ.

ಆಪರೇಷನ್ ಆದಮೇಲೆ ನಾನು ನುಂಗುತ್ತಿದ್ದ ಮಾತ್ರೆಯಿಂದ ಬಾಯಿ ಕಹಿಯಾಗುತ್ತದೆ ಎಂದು ಡಾಕ್ಟರು ನಕ್ಕರು. ಇರಬಹುದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾನೇ ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಅದೇ ಮಾತ್ರೆಗಳನ್ನು ಆಮೇಲೂ ನುಂಗಿದೆ, ಕಹಿ ಮತ್ತೆ ಬರಲಿಲ್ಲ.

ತಮ್ಮ ಮನೆಗೆ ಬಂದ ದಿನ ಅಮ್ಮ ಅವನನ್ನು ಹಿಡಿದುಕೊಂಡು ಅತ್ತಳು. ನೆರೆಮನೆಯವರೂ ಕಣ್ಣೊರೆಸಿಕೊಂಡರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಏನೂ ಅನ್ನಿಸಲಿಲ್ಲ. ಅಷ್ಟು ದೂರದ ಆಸ್ಪತ್ರೆಯಿಂದ ಅವನ ಕಹಿ ನನ್ನ ಬಾಯಿಗೆ ಬಂದದ್ದು ಹೌದಾದರೆ, ಅವನು ಬದುಕಿ ಅಂಗಳಕ್ಕೆ ಬಂದ ಸಂತೋಷ ಮಾತ್ರ ನನ್ನವರೆಗೆ ಯಾಕೆ ಬರಲಿಲ್ಲ? ಇವತ್ತಿಗೂ ಬಂದಿಲ್ಲ.